ಕಾಲದ ಆಯವ್ಯಯ

ಸಂಬಳದ ಹಣ ಬ್ಯಾಂಕಿಗೆ ಬಂದ ದಿನ ಮನೆಯ ಯಜಮಾನಿಯು ಮೊದಲು ಮಾಡುವ ಕೆಲಸ ಯಾವುದು? ಬಾಡಿಗೆಯನ್ನು ಬೇರೆಯಾಗಿ ತೆಗೆದಿಡುವುದು. ಅನಂತರ ಹಾಲು, ದಿನಸಿ, ವಿದ್ಯುತ್ತು, ಮಕ್ಕಳ ಶಾಲೆಯ ಶುಲ್ಕ. ಇವೆಲ್ಲ ಕಳೆದು ಏನಾದರೂ ಮಿಕ್ಕರೆ ಸೀರೆ, ಸಿನಿಮಾ, ಹೋಟೆಲಿನ ಮಸಾಲೆ ದೋಸೆ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಈ ತಿಂಗಳು ಬೇಡವೇ ಬೇಡ ಎಂಬ ಮೂರು ಪ್ರಶ್ನೆಗಳಿಗೆ ಆಕೆಯ ಬಳಿ ಸದಾ ಉತ್ತರವಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಆಕೆಗೆ ಯಾರೂ ಕಲಿಸಬೇಕಾಗಿಲ್ಲ.

ಹಣದ ವಿಷಯದಲ್ಲಿ ಇಷ್ಟು ಜಾಣ್ಮೆ ತೋರುವ ಅದೇ ಮನೆಯಲ್ಲಿ ಮಗನೋ ಮಗಳೋ ದೊಡ್ಡದೊಂದು ಪರೀಕ್ಷೆಗೆ ಹೊರಟಾಗ, ಕಾಲದ ವಿಷಯದಲ್ಲಿ ಮಾತ್ರ ಎಲ್ಲರೂ ದುಂದುಗಾರರಾಗುವುದು ವಿಚಿತ್ರ. “ಓದು, ಇನ್ನಷ್ಟು ಓದು” ಎಂಬ ಉಪದೇಶವೊಂದೇ ಎಲ್ಲರ ಬಾಯಲ್ಲೂ. ಯಾವುದನ್ನು ಓದಬೇಕು, ಎಷ್ಟು ಓದಬೇಕು, ಯಾವುದನ್ನು ಧೈರ್ಯದಿಂದ ಬಿಡಬೇಕು ಎಂದು ಕೇಳುವವರು ಕಡಮೆ.

ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಶಿಕ್ಷಣಕ್ಕೆ ನಡೆಯುವ ಪ್ರವೇಶಪರೀಕ್ಷೆಗಳು ಇಂತಹವು. ನಮ್ಮ ದೇಶದಲ್ಲಿ ಇವುಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು ಕ್ಯಾಟ್. ೧೯೬೧ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದುಗಳಲ್ಲಿ, ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐಐಎಂಗಳಿಗೂ, ಅನಂತರ ಅವುಗಳ ಸಾಲಿಗೆ ಸೇರಿದ ತಂಗಿ ಸಂಸ್ಥೆಗಳಿಗೂ ಇದೇ ಹೆಬ್ಬಾಗಿಲು. ೨೦೨೪ರ ನವೆಂಬರ್ ೨೪ರಂದು ನಡೆದ ಪರೀಕ್ಷೆಯನ್ನು ಬರೆದವರು ಸುಮಾರು ೨ ಲಕ್ಷ ೯೩ ಸಾವಿರ ಮಂದಿ. ಇಷ್ಟು ಜನರ ನಡುವೆ ದಾರಿ ಮಾಡಿಕೊಳ್ಳಬೇಕೆಂದರೆ ಬರಿಯ ಶ್ರಮ ಸಾಲದು; ಶ್ರಮವನ್ನು ಎಲ್ಲಿ ಸುರಿಯಬೇಕೆಂಬ ವಿವೇಕವೂ ಬೇಕು.

ಆ ವಿವೇಕಕ್ಕೆ ಮೊದಲ ಮೆಟ್ಟಿಲು ಪರೀಕ್ಷೆಯ ಸ್ವರೂಪವನ್ನು ಅರಿಯುವುದು. ೨೦೨೪ರ ಪರೀಕ್ಷೆಯಲ್ಲಿದ್ದ ಪ್ರಶ್ನೆಗಳು ೬೮. ಇಂಗ್ಲಿಷ್ ಭಾಷೆ ಮತ್ತು ಗದ್ಯಗ್ರಹಣಕ್ಕೆ ೨೪, ಅಂಕಿ ಅಂಶಗಳ ವಿವರಣೆ ಮತ್ತು ತರ್ಕಕ್ಕೆ ೨೨, ಗಣಿತಕ್ಕೆ ೨೨. ಪ್ರತಿಯೊಂದು ವಿಭಾಗಕ್ಕೂ ಸರಿಯಾಗಿ ೪೦ ನಿಮಿಷ. ಒಂದರಲ್ಲಿ ಉಳಿಸಿದ ಹೊತ್ತನ್ನು ಇನ್ನೊಂದಕ್ಕೆ ಸಾಲ ಕೊಡುವಂತಿಲ್ಲ. ಸರಿಯುತ್ತರಕ್ಕೆ ೩ ಅಂಕ. ಆಯ್ಕೆಗಳಿರುವ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ ೧ ಅಂಕ ಕಡಿತ. ಉತ್ತರವನ್ನು ತಾನೇ ಬರೆಯಬೇಕಾದ ಪ್ರಶ್ನೆಗಳಲ್ಲಿ ಕಡಿತವಿಲ್ಲ. ಒಟ್ಟು ೨೦೪ ಅಂಕಗಳು.

೨೦೧೫ರಿಂದ ೨೦೧೯ರವರೆಗೆ ಇದೇ ಪರೀಕ್ಷೆಯಲ್ಲಿ ೧೦೦ ಪ್ರಶ್ನೆಗಳಿದ್ದವು, ೧೮೦ ನಿಮಿಷಗಳಿದ್ದವು. ೨೦೨೦ರಲ್ಲಿ, ಕೋವಿಡ್ ಕಾಲದಲ್ಲಿ, ಅವಧಿಯು ೧೨೦ ನಿಮಿಷಕ್ಕೆ ಇಳಿಯಿತು. ಆಮೇಲೆಯೂ ಹಾಗೆಯೇ ಉಳಿಯಿತು. ಆದುದರಿಂದ ಆ ವರ್ಷಗಳಲ್ಲಿ ಪರೀಕ್ಷೆ ಬರೆದ ಅಣ್ಣನ ಪುಸ್ತಕ ಇಂದಿಗೂ ಉಪಯೋಗಕ್ಕೆ ಬಂದೀತು. ಅಣ್ಣನ ವೇಳಾಪಟ್ಟಿ ಬಾರದು. ಓದಲು ಕುಳಿತ ಮೊದಲ ದಿನವೇ ಆ ವರ್ಷದ ಅಧಿಕೃತ ಪ್ರಕಟಣೆಯನ್ನು ನೋಡಿಕೊಳ್ಳುವುದು ಲೇಸು.

ಈ ಪರೀಕ್ಷೆಯಲ್ಲಿ ನಮ್ಮ ಶಾಲಾಕಾಲೇಜುಗಳ ಅಭ್ಯಾಸಕ್ಕೆ ತೀರ ವಿರುದ್ಧವಾದ ಒಂದು ಸಂಗತಿಯುಂಟು. ನೂರಕ್ಕೆ ತೊಂಬತ್ತೈದು ತೆಗೆಯದ ಹುಡುಗನನ್ನು ದಡ್ಡನೆಂದು ತಿಳಿಯುವ ಕಾಲ ಇದು. ಆದರೆ ಕ್ಯಾಟ್ ಪರೀಕ್ಷೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಟ್ಟು ಅಂಕಗಳ ಅರ್ಧಕ್ಕೆ ಸಮೀಪ, ಕೆಲವು ವರ್ಷ ಅದಕ್ಕೂ ಸಾಕಷ್ಟು ಕಡಮೆ ಗಳಿಸಿದವರೂ ನೂರರಲ್ಲಿ ತೊಂಬತ್ತೊಂಬತ್ತು ಮಂದಿಯನ್ನು ಹಿಂದೆ ಹಾಕಿದ್ದಾರೆ. ಇಲ್ಲಿ ಎಣಿಕೆಗೆ ಬರುವುದು ಉಳಿದವರಿಗಿಂತ ಎಷ್ಟು ಮುಂದೆ ಎಂಬುದು. ಎಲ್ಲವನ್ನೂ ಬಿಡಿಸಬೇಕೆಂದು ಹೊರಟವನು ಕೊನೆಗೆ ಯಾವುದನ್ನೂ ನೆಟ್ಟಗೆ ಬಿಡಿಸಲಾರ. ಅರ್ಧವನ್ನು ಆರಿಸಿಕೊಂಡು ಅದನ್ನು ತಪ್ಪಿಲ್ಲದೆ ಮುಗಿಸುವವನು ಗೆಲ್ಲುತ್ತಾನೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ, ಓದಿನ ಯೋಜನೆಯ ಅರ್ಧ ಭಾರ ತಾನಾಗಿ ಇಳಿಯುತ್ತದೆ.

ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿರುವ ಒಬ್ಬ ತರುಣಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ದಿನಕ್ಕೆ ಕಚೇರಿ ೯ ಗಂಟೆ. ಹೋಗಿಬರುವ ಸಂಚಾರದಲ್ಲಿ ೨ ಗಂಟೆ. ನಿದ್ರೆ ೭ ಗಂಟೆ. ಸ್ನಾನ, ಊಟ, ಮನೆಗೆಲಸಗಳಿಗೆ ೪ ಗಂಟೆ. ಉಳಿದದ್ದು ೨, ಅದರಲ್ಲಿ ಓದಿಗೆ ನಂಬಬಹುದಾದದ್ದು ಒಂದೂವರೆ. ಶನಿವಾರ, ಭಾನುವಾರಗಳಲ್ಲಿ ನಾಲ್ಕು ನಾಲ್ಕು ಗಂಟೆ. ಅಂತೂ ವಾರಕ್ಕೆ ಹದಿನೈದೂವರೆ ಗಂಟೆ. ಜೂನ್ ಮೊದಲ ದಿನದಿಂದ ನವೆಂಬರಿನ ಕೊನೆಯವರೆಗೆ ೨೬ ವಾರಗಳು. ಒಟ್ಟು ಸುಮಾರು ೪೦೦ ಗಂಟೆಗಳು.

ಆದರೆ ಇದು ಕಾಗದದ ಮೇಲಿನ ವರಮಾನ; ಕೈಗೆ ಬರುವ ವರಮಾನ ಬೇರೆ. ಗೌರೀಗಣೇಶ, ನವರಾತ್ರಿ, ದೀಪಾವಳಿಗಳೆಲ್ಲವೂ ಈ ತಿಂಗಳುಗಳಲ್ಲಿಯೇ ಬರುತ್ತವೆ. ನೆಂಟರು ಬರುತ್ತಾರೆ, ಮಳೆಗಾಲದ ಜ್ವರ ಬರುತ್ತದೆ, ಕಚೇರಿಯಲ್ಲಿ ತುರ್ತು ಕೆಲಸ ಬರುತ್ತದೆ. ಕಾಲು ಭಾಗ ಹೀಗೆಯೇ ಸೋರಿಹೋಗುವುದೆಂದು ಮೊದಲೇ ಕಳೆದುಬಿಟ್ಟರೆ ನಿಲ್ಲುವುದು ೩೦೦ ಗಂಟೆ. ಯೋಜನೆಯನ್ನು ಹಾಕಬೇಕಾದದ್ದು ಈ ೩೦೦ಕ್ಕೆ. ೪೦೦ಕ್ಕೆ ಯೋಜನೆ ಹಾಕಿದವಳು ಸೆಪ್ಟೆಂಬರಿನ ಹೊತ್ತಿಗೆ ತಾನು ಸೋತೆನೆಂದು ಭಾವಿಸಿ ಕೈಚೆಲ್ಲುತ್ತಾಳೆ; ಆಕೆ ಸೋತಿರುವುದಿಲ್ಲ, ಲೆಕ್ಕ ತಪ್ಪಿರುತ್ತದೆ, ಅಷ್ಟೆ.

ಈ ೩೦೦ರಲ್ಲಿ ಮೊದಲು ಎತ್ತಿಡಬೇಕಾದ ಬಾಡಿಗೆ ಯಾವುದು? ಮಾದರಿ ಪರೀಕ್ಷೆಗಳು. ಒಂದು ಮಾದರಿ ಪರೀಕ್ಷೆಗೆ ೨ ಗಂಟೆ. ಅದನ್ನು ತಿರುಗಿ ನೋಡಿ, ಎಲ್ಲಿ ಏಕೆ ತಪ್ಪಿತೆಂದು ಪರಿಶೀಲಿಸುವುದಕ್ಕೆ ೩ ಗಂಟೆ. ಇಂತಹ ೨೦ ಪರೀಕ್ಷೆಗಳಿಗೆ ೧೦೦ ಗಂಟೆ. ಬಹುಮಂದಿ ಇದನ್ನು ಓದೆಲ್ಲ ಮುಗಿದ ಮೇಲಿನ ಕೆಲಸವೆಂದು ಭಾವಿಸಿ ಅಕ್ಟೋಬರಿಗೆ ತಳ್ಳುತ್ತಾರೆ. ಅದು ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬ ಮಾತಿಗೆ ಸರಿಯಾದ ನಿದರ್ಶನ. ಮೊದಲ ಮಾದರಿ ಪರೀಕ್ಷೆಯನ್ನು ಓದುವುದಕ್ಕೆ ಮುಂಚೆಯೇ ಬರೆಯಬೇಕು. ಅಂಕ ಕಡಮೆ ಬರುತ್ತದೆ; ಬರಲಿ. ವೈದ್ಯನು ಔಷಧ ಕೊಡುವ ಮೊದಲು ನಾಡಿ ನೋಡುವುದಿಲ್ಲವೆ?

ಬರೆದು ನೋಡುವುದರಿಂದ ಓದು ಗಟ್ಟಿಯಾಗುತ್ತದೆಂಬುದಕ್ಕೆ ಶಾಸ್ತ್ರದ ಬೆಂಬಲವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ೨೦೦೬ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ, ನೆನಪಿನಿಂದ ಬರೆದರು. ಐದು ನಿಮಿಷಗಳ ಅನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಅನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಾದರು. ಪುಸ್ತಕವನ್ನು ತಿರುಗಿ ತಿರುಗಿ ಓದುವಾಗ ಹುಟ್ಟುವ “ಇದೆಲ್ಲ ನನಗೆ ಗೊತ್ತು” ಎಂಬ ತೃಪ್ತಿಯು ಐದು ನಿಮಿಷದ ತೃಪ್ತಿ. ಪರೀಕ್ಷೆಯಾದರೋ ಆರು ತಿಂಗಳ ಆಚೆ ಇರುತ್ತದೆ.

ಉಳಿದ ೨೦೦ ಗಂಟೆಗಳನ್ನು ಹಂಚುವುದೇ ನಿಜವಾದ ಕಷ್ಟ. ಮೂರು ವಿಭಾಗಗಳಿಗೆ ಸಮನಾಗಿ ಹಂಚುವುದು ನ್ಯಾಯವಾಗಿ ಕಾಣುತ್ತದೆ. ಆದರೆ ಅದು ಅವಿವೇಕ. ತನಗೆ ಪ್ರಿಯವಾದದ್ದನ್ನೇ ಹೆಚ್ಚು ಓದುವುದು ಸುಖವಾಗಿರುತ್ತದೆ. ಅದು ಇನ್ನೂ ದೊಡ್ಡ ಅವಿವೇಕ. ಇಂಜಿನಿಯರಿಂಗ್ ಓದಿದ ಹುಡುಗ ಸಂಜೆ ಹೊತ್ತು ಗಣಿತದ ಲೆಕ್ಕಗಳನ್ನು ಬಿಡಿಸುತ್ತ ಕುಳಿತರೆ ಮನೆಯವರ ಕಣ್ಣಿಗೆ ಅವನು ತಪಸ್ವಿ. ವಾಸ್ತವವಾಗಿ ಅವನು ಬಲ್ಲ ದಾರಿಯಲ್ಲಿಯೇ ಮತ್ತೆ ಮತ್ತೆ ಅಡ್ಡಾಡುತ್ತಿರುತ್ತಾನೆ. ಗದ್ಯಗ್ರಹಣದ ಪುಸ್ತಕ ಮೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ.

ಅರ್ಥಶಾಸ್ತ್ರಜ್ಞರು ಇಂತಹ ಸಂದರ್ಭಕ್ಕೆ ಸೀಮಾಂತ ಲಾಭವೆಂಬ ಮಾತನ್ನು ಬಳಸುತ್ತಾರೆ. ಮುಂದಿನ ಒಂದು ಗಂಟೆಯನ್ನು ಎಲ್ಲಿ ಕಳೆದರೆ ಅತಿ ಹೆಚ್ಚು ಅಂಕ ಬಂದೀತು ಎಂಬುದೇ ಅದರ ತಾತ್ಪರ್ಯ. ಮೊದಲ ಮಾದರಿ ಪರೀಕ್ಷೆಯಲ್ಲಿ ಆ ತರುಣಿಗೆ ಭಾಷೆಯಲ್ಲಿ ೩೩, ತರ್ಕದಲ್ಲಿ ೧೨, ಗಣಿತದಲ್ಲಿ ೨೧ ಅಂಕ ಬಂದವೆಂದು ಇಟ್ಟುಕೊಳ್ಳಬಹುದು. ಭಾಷೆಯನ್ನು ೩೩ರಿಂದ ೩೯ಕ್ಕೆ ಏರಿಸುವುದಕ್ಕಿಂತ ತರ್ಕವನ್ನು ೧೨ರಿಂದ ೨೪ಕ್ಕೆ ಏರಿಸುವುದು ಸುಲಭವಾಗಿರಬಹುದು. ಅಷ್ಟೇ ಅಲ್ಲದೆ, ಐಐಎಂಗಳು ಒಟ್ಟು ಅಂಕವನ್ನು ಮಾತ್ರ ನೋಡದೆ ಪ್ರತಿಯೊಂದು ವಿಭಾಗದಲ್ಲಿಯೂ ಕನಿಷ್ಠ ಮಟ್ಟವೊಂದನ್ನು ಕೇಳುತ್ತವೆ. ಮೂರು ಕಾಲಿನ ಮಣೆಗೆ ಒಂದು ಕಾಲು ಗಿಡ್ಡವಾದರೆ ಉಳಿದೆರಡು ಎಷ್ಟು ಎತ್ತರವಾದರೂ ಕೂರಲಾಗದು.

ವಿಭಾಗದೊಳಗೆ ಮತ್ತೊಂದು ವಿಂಗಡಣೆ ಆಗಬೇಕು. ಎಲ್ಲ ಪಾಠಗಳನ್ನೂ ಮೂರು ರಾಶಿ ಮಾಡುವುದು: ಬಲ್ಲದ್ದು, ಅರೆಬಲ್ಲದ್ದು, ಬಾರದ್ದು. ಬಲ್ಲದ್ದಕ್ಕೆ ಆಗಾಗ ಒಂದು ಆವೃತ್ತಿ ಸಾಕು. ಬಾರದ್ದು ಬಹಳ ಹೊತ್ತನ್ನು ನುಂಗಿ ಸ್ವಲ್ಪ ಫಲ ಕೊಡುತ್ತದೆ. ನಡುವಿನ ರಾಶಿಯೇ ಹೊನ್ನಿನ ರಾಶಿ. ಶೇಕಡಾ ಲೆಕ್ಕ, ಅನುಪಾತ, ವೇಗ ಮತ್ತು ದೂರ, ಸಮೀಕರಣಗಳು ಹೈಸ್ಕೂಲಿನಲ್ಲಿ ಕಲಿತು ಮರೆತವು. ಗಣಿತ ವಿಭಾಗದ ಹೆಚ್ಚು ಪ್ರಶ್ನೆಗಳು ಅಂಕಗಣಿತ ಮತ್ತು ಬೀಜಗಣಿತಗಳಿಂದಲೇ ಬರುತ್ತವೆ. ಇವನ್ನು ತಿದ್ದಿಕೊಂಡ ಮೇಲೆ ಹೊತ್ತು ಮಿಕ್ಕರೆ, ಆಗ ಬಾರದ ರಾಶಿಗೆ ಕೈಹಾಕಬಹುದು. ಮಿಕ್ಕದಿದ್ದರೆ ಅದನ್ನು ಹಾಗೆಯೇ ಬಿಡುವುದರಲ್ಲಿ ಯಾವ ಅವಮಾನವೂ ಇಲ್ಲ.

ಇನ್ನು ಬೇಗ ಫಲಿಸುವುದು, ನಿಧಾನವಾಗಿ ಫಲಿಸುವುದು ಎಂಬ ಭೇದವೊಂದಿದೆ. ಕೊತ್ತಂಬರಿ ಬೀಜವನ್ನು ಬಿತ್ತಿದ ಕೆಲವೇ ವಾರಗಳಲ್ಲಿ ಸೊಪ್ಪು ಕೊಯ್ಯಬಹುದು. ತೆಂಗಿನ ಸಸಿ ವರ್ಷಗಟ್ಟಲೆ ಕಾಯಿಸುತ್ತದೆ. ಗಣಿತದ ಸೂತ್ರಗಳು ಕೊತ್ತಂಬರಿಯ ಜಾತಿ. ಇಂಗ್ಲಿಷಿನಲ್ಲಿ ಗಹನವಾದ ಗದ್ಯವನ್ನು ವೇಗವಾಗಿ ಓದಿ ಗ್ರಹಿಸುವ ಶಕ್ತಿಯು ತೆಂಗಿನ ಜಾತಿ. ಈ ಪರೀಕ್ಷೆಯು ಇಂಗ್ಲಿಷಿನಲ್ಲಿ ಮಾತ್ರ ನಡೆಯುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದರ ಮಹತ್ವ ಇನ್ನೂ ಹೆಚ್ಚು. ಅಂತಹವರು ಗದ್ಯದ ಓದನ್ನು ಅಕ್ಟೋಬರಿಗೆ ಇಟ್ಟುಕೊಂಡರೆ ಏನೂ ದಕ್ಕದು. ಮೊದಲ ದಿನದಿಂದಲೇ ಅರ್ಧ ಗಂಟೆ, ಅರ್ಥಶಾಸ್ತ್ರವೋ ಇತಿಹಾಸವೋ ವಿಜ್ಞಾನವೋ ಯಾವುದಾದರೊಂದು ಒಳ್ಳೆಯ ಲೇಖನವನ್ನು ಓದಿ, ಪುಸ್ತಕ ಮುಚ್ಚಿ, ಬರೆದವನ ವಾದವೇನೆಂದು ಎರಡು ವಾಕ್ಯಗಳಲ್ಲಿ ಹೇಳಿಕೊಳ್ಳಬೇಕು. ಹನಿ ಹನಿಗೂಡಿದರೆ ಹಳ್ಳವೆಂಬುದು ಇಲ್ಲಿ ಅಕ್ಷರಶಃ ಸತ್ಯ.

ಹಾಗೆಯೇ ಮರೆವಿನ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಕಂಠಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದು, ೧೮೮೫ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದು ದಿನದೊಳಗೇ ಜಾರಿಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದನ್ನು ಅವನು ಕಂಡುಕೊಂಡನು. ಭಾನುವಾರ ಒಂದೇ ಪಟ್ಟಿನಲ್ಲಿ ನಾಲ್ಕು ಗಂಟೆ ಒಂದೇ ಪಾಠವನ್ನು ಅರೆಯುವುದಕ್ಕಿಂತ, ಎರಡು ಗಂಟೆ ಅಂದು ಓದಿ, ಮರುದಿನ ಅರ್ಧ ಗಂಟೆ, ಮುಂದಿನ ವಾರ ಅರ್ಧ ಗಂಟೆ, ಅದರ ಮುಂದಿನ ತಿಂಗಳು ಅರ್ಧ ಗಂಟೆ ನೋಡುವುದು ಮೇಲು. ಗಂಟೆಯೂ ಕಡಮೆ, ಫಲವೂ ಅಧಿಕ.

ಓದಿಗೆ ಹೊತ್ತು ಸಾಲದೆಂದು ಕೆಲಸಕ್ಕೆ ರಾಜೀನಾಮೆ ಕೊಡುವ ಯೋಚನೆ ಅನೇಕರಿಗೆ ಬರುತ್ತದೆ. ಮಧ್ಯಮವರ್ಗದ ಮನೆಯಲ್ಲಿ ಇದು ಹಗುರವಾದ ಮಾತಲ್ಲ. ಅಪ್ಪನ ನಿವೃತ್ತಿ ಸಮೀಪಿಸಿರುತ್ತದೆ. ಮನೆಯ ಸಾಲದ ಕಂತು ಬಾಕಿಯಿರುತ್ತದೆ. ಕೆಲಸವು ತನಗೆ ಸಿಕ್ಕಿದ ಕಾಲವನ್ನೆಲ್ಲ ತುಂಬುವಷ್ಟು ಹಿಗ್ಗುತ್ತದೆಂದು ಪಾರ್ಕಿನ್‌ಸನ್ ಎಂಬ ಇಂಗ್ಲಿಷ್ ಲೇಖಕನು ೧೯೫೫ರಲ್ಲಿ ಪರಿಹಾಸ್ಯವಾಗಿ ಬರೆದದ್ದು ಓದಿಗೂ ಅನ್ವಯಿಸುತ್ತದೆ. ದಿನವೆಲ್ಲ ಬಿಡುವಾದವನು ಎರಡು ಗಂಟೆಯ ಪಾಠಕ್ಕೆ ಇಡೀ ದಿನವನ್ನು ತೆಗೆದುಕೊಳ್ಳುವುದು ಅಪರೂಪವಲ್ಲ. ಅದೂ ಅಲ್ಲದೆ, ಬೆಂಗಳೂರಿನ ಐಐಎಂ ಅಭ್ಯರ್ಥಿಗಳನ್ನು ಆರಿಸುವಾಗ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಅಂಕ, ಪದವಿಯ ಅಂಕ, ಕೆಲಸದ ಅನುಭವ ಇವನ್ನೂ ಗಣಿಸುತ್ತದೆ. ಬಿಟ್ಟ ಕೆಲಸವು ಅನುಭವದ ಖಾತೆಯಲ್ಲಿ ನಷ್ಟವಾಗಿಯೂ ತೋರಬಹುದು. ಪರೀಕ್ಷೆಗೆ ಮುಂಚಿನ ಎರಡು ವಾರ ರಜೆ ಹಾಕಲು ಸಾಧ್ಯವಾದರೆ ಅದೇ ಸಾಕಷ್ಟು ದೊಡ್ಡ ಸಹಾಯ.

ಹಾಗಾದರೆ ಇನ್ನಷ್ಟು ಹೊತ್ತು ಎಲ್ಲಿಂದ ಬರಬೇಕು? ಇಲ್ಲಿ ಮನೆಯವರ ಪಾತ್ರ ಬರುತ್ತದೆ. ಇದನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಮಗ ಪರೀಕ್ಷೆಗೆ ಓದುತ್ತಿದ್ದರೆ ಅವನ ಕೋಣೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ; ಕಾಫಿಯು ಮೇಜಿನ ಬಳಿಗೇ ಬರುತ್ತದೆ. ಮಗಳೋ ಸೊಸೆಯೋ ಓದುತ್ತಿದ್ದರೆ, ಮೊದಲು ಕುಕ್ಕರ್ ಇಟ್ಟು, ಬಟ್ಟೆ ಮಡಿಸಿ, ಬಂದ ನೆಂಟರಿಗೆ ತಿಂಡಿ ಕೊಟ್ಟು, ಉಳಿದ ಹೊತ್ತಿನಲ್ಲಿ ಓದಿಕೊಳ್ಳಲೆಂಬುದು ಅನೇಕ ಮನೆಗಳ ಬಾಯಿಬಿಟ್ಟು ಹೇಳದ ಕಟ್ಟಳೆ. “ಈ ಒಂದು ವರ್ಷ ನೋಡೋಣ, ಆಮೇಲೆ ಮದುವೆ” ಎಂಬ ಗಡುವು ಬೇರೆ. ಪ್ರಶ್ನಪತ್ರಿಕೆಯಾದರೋ ಇಬ್ಬರಿಗೂ ಒಂದೇ. ನಲವತ್ತು ನಿಮಿಷವೂ ಇಬ್ಬರಿಗೂ ಒಂದೇ. ಮೇಲಿನ ಲೆಕ್ಕದಲ್ಲಿ ಮನೆಗೆಲಸದಿಂದ ದಿನಕ್ಕೆ ಮುಕ್ಕಾಲು ಗಂಟೆಯನ್ನು ಅಣ್ಣನೋ ಅಪ್ಪನೋ ಗಂಡನೋ ತಾನು ವಹಿಸಿಕೊಂಡರೆ, ೨೬ ವಾರಗಳಲ್ಲಿ ಅದು ೧೩೬ ಗಂಟೆಗಳಾಗುತ್ತದೆ. ಯಾವ ತರಬೇತಿ ಕೇಂದ್ರವೂ ಇಷ್ಟು ದೊಡ್ಡ ಕೊಡುಗೆಯನ್ನು ಶುಲ್ಕವಿಲ್ಲದೆ ಕೊಡಲಾರದು. ಆದರೆ ಒಂದು ಎಚ್ಚರ: ಆ ಭಾರವನ್ನು ತೆಗೆದು ಅಮ್ಮನ ತಲೆಯ ಮೇಲೆ ಇಟ್ಟರೆ ಅದು ಹಂಚಿಕೆಯಾಗದು.

ವಿದೇಶದ ವಿದ್ಯಾಲಯಗಳಿಗೆ ಹೊರಟವರ ಲೆಕ್ಕ ಸ್ವಲ್ಪ ಭಿನ್ನ. ಅವರ ಪರೀಕ್ಷೆ ಜಿಮ್ಯಾಟ್. ಇದರ ಮೊದಲ ರೂಪವು ಅಮೆರಿಕದಲ್ಲಿ ೧೯೫೪ರಲ್ಲಿ ನಡೆಯಿತು. ಈಗಿನ ಹೆಸರು ಬಂದದ್ದು ೧೯೭೬ರಲ್ಲಿ. ೨೦೨೩ರ ನವೆಂಬರಿನಲ್ಲಿ ಬಂದ ಹೊಸ ರೂಪದಲ್ಲಿ ಮೂರು ವಿಭಾಗಗಳು, ಒಂದೊಂದಕ್ಕೂ ೪೫ ನಿಮಿಷ, ಒಟ್ಟು ೬೪ ಪ್ರಶ್ನೆಗಳು. ಕ್ಯಾಟ್ ವರ್ಷಕ್ಕೊಂದೇ ಸಲ. ಅದರ ಫಲವೂ ಆ ಸಾಲಿಗೆ ಮಾತ್ರ. ಜಿಮ್ಯಾಟ್ ಪರೀಕ್ಷೆಯನ್ನು ೧೬ ದಿನಗಳ ಅಂತರದಲ್ಲಿ, ಹನ್ನೆರಡು ತಿಂಗಳಲ್ಲಿ ಐದು ಸಲ ಬರೆಯಬಹುದು. ಅಂಕಗಳು ಐದು ವರ್ಷ ಊರ್ಜಿತ. ದಿನಾಂಕವನ್ನು ಅಭ್ಯರ್ಥಿಯೇ ಆರಿಸಿಕೊಳ್ಳುವುದರಿಂದ ಅವನ ಮುಂದಿರುವ ಅಪಾಯ ಅವಸರದ್ದಲ್ಲ, ಮುಂದೂಡುವುದರದ್ದು. ಅವನು ಮೊದಲು ದಿನಾಂಕವನ್ನು ಗೊತ್ತುಮಾಡಿ ಶುಲ್ಕ ಕಟ್ಟಿ, ಆಮೇಲೆ ಪುಸ್ತಕವನ್ನು ತೆರೆಯುವುದು ಮೇಲು.

ಕೊನೆಯ ಎರಡು ವಾರಗಳಿಗೆ ನಿಯಮಗಳು ಸರಳ. ಹೊಸ ಪಾಠವನ್ನು ಮುಟ್ಟಬಾರದು. ತಪ್ಪುಗಳನ್ನು ಬರೆದಿಟ್ಟ ಪುಸ್ತಕವನ್ನು ಮಾತ್ರ ನೋಡಬೇಕು. ಪರೀಕ್ಷೆಯು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಬ ಮೂರು ಪಾಳಿಗಳಲ್ಲಿ ನಡೆಯುವುದರಿಂದ, ಪ್ರವೇಶಪತ್ರದಲ್ಲಿ ತನಗೆ ಯಾವ ಪಾಳಿ ಬಂದಿದೆಯೋ ಅದೇ ಹೊತ್ತಿಗೆ ಮಾದರಿ ಪರೀಕ್ಷೆಯನ್ನು ಬರೆಯಬೇಕು. ನಿದ್ರೆಯಿಂದ ಗಂಟೆಗಳನ್ನು ಕದಿಯಬಾರದು. ನಿದ್ರೆ ಮಾಡಿದ ಹೊತ್ತಿನಲ್ಲಿ ಮರೆವು ಎಚ್ಚರದ ಹೊತ್ತಿಗಿಂತ ಕಡಮೆಯೆಂದು ಜೆಂಕಿನ್ಸ್ ಮತ್ತು ಡ್ಯಾಲನ್‌ಬಾಕ್ ಎಂಬವರು ೧೯೨೪ರಷ್ಟು ಹಿಂದೆಯೇ ತೋರಿಸಿದ್ದರು.

ಪರೀಕ್ಷೆಯ ಕೋಣೆಯಲ್ಲಿಯೂ ಬೇಕಾಗುವುದು ಇದೇ ಆಯವ್ಯಯದ ಬುದ್ಧಿ. ೨೦೨೪ರ ತರ್ಕ ವಿಭಾಗದಲ್ಲಿ ೨೨ ಪ್ರಶ್ನೆಗಳು ಐದು ಗುಂಪುಗಳಲ್ಲಿ ಬಂದಿದ್ದವು. ಮೊದಲ ನಾಲ್ಕೈದು ನಿಮಿಷ ಐದನ್ನೂ ಕಣ್ಣಾಡಿಸಿ, ಸುಲಭವಾದ ಮೂರನ್ನು ಆರಿಸಿ, ತಪ್ಪಿಲ್ಲದೆ ಮುಗಿಸಿದವನಿಗೆ ೧೨ರಿಂದ ೧೪ ಸರಿಯುತ್ತರಗಳು, ಎಂದರೆ ೬೬ರಲ್ಲಿ ೩೬ರಿಂದ ೪೨ ಅಂಕ. ಮೊದಲ ಗುಂಪಿನ ಗಂಟನ್ನೇ ಹಠದಿಂದ ಬಿಚ್ಚುತ್ತ ಕುಳಿತವನಿಗೆ ಅದರ ಕಾಲುಭಾಗವೂ ಕಷ್ಟ. ಊಹೆಯ ವಿಷಯದಲ್ಲಿಯೂ ಲೆಕ್ಕವುಂಟು. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೆ, ನಾಲ್ಕು ಸಲಕ್ಕೆ ಒಮ್ಮೆ ೩ ಅಂಕ ಬಂದು, ಮೂರು ಸಲ ಒಂದೊಂದು ಹೋಗಿ, ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದು ಅದನ್ನು ತಳ್ಳಿಹಾಕಿದ ಮೇಲಿನ ಊಹೆಯು ಲಾಭದ ಕಡೆಗೆ ವಾಲುತ್ತದೆ.

ಇಷ್ಟೆಲ್ಲ ಮಾಡಿಯೂ ಬಯಸಿದ ಸಂಸ್ಥೆಯಿಂದ ಕರೆ ಬಾರದಿರಬಹುದು. ಮೂರು ಲಕ್ಷದ ಹತ್ತಿರ ಜನ ಬರೆಯುವಲ್ಲಿ ಬಹುಮಂದಿಗೆ ಬರುವುದಿಲ್ಲವೆಂಬುದು ಸರಳ ಗಣಿತ. ಅದನ್ನು ಮನೆಯವರು ಜೂನ್ ತಿಂಗಳಲ್ಲಿಯೇ ಒಪ್ಪಿಕೊಂಡಿರಬೇಕು; ಫಲಿತಾಂಶದ ದಿನ ಕಲಿಯಹೊರಟರೆ ತಡವಾಗುತ್ತದೆ. ಜನವರಿಯಲ್ಲಿ ಜಮ್‌ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ ಸಂಸ್ಥೆಯ ಪರೀಕ್ಷೆಯಿದೆ. ಕರ್ನಾಟಕದ ಕಾಲೇಜುಗಳಿಗೆ ರಾಜ್ಯದ ಪ್ರವೇಶಪರೀಕ್ಷೆಯಿದೆ. ಅದೇ ಓದು ಅಲ್ಲಿಯೂ ಬಹುಪಾಲು ಒದಗುತ್ತದೆ.

ರಾತ್ರಿ ಊಟದ ಹೊತ್ತಿನಲ್ಲಿ ಮಕ್ಕಳನ್ನು “ಇವತ್ತು ಎಷ್ಟು ಗಂಟೆ ಓದಿದೆ?” ಎಂದು ಕೇಳುವ ಪದ್ಧತಿಯನ್ನು ತಂದೆತಾಯಿಗಳು ಬಿಡುವುದು ಒಳ್ಳೆಯದು. “ಈ ವಾರ ಯಾವುದನ್ನು ಬಿಟ್ಟೆ? ಏಕೆ ಬಿಟ್ಟೆ?” ಎಂದು ಕೇಳಿದರೆ, ಉತ್ತರ ಹೇಳುವ ಮಗನಿಗೂ ಮಗಳಿಗೂ ತಮ್ಮ ದಾರಿ ಸ್ಪಷ್ಟವಾಗುತ್ತದೆ. ಮತ್ತು ಕೇಳಿದವರು ಊಟವಾದ ಮೇಲೆ ಎದ್ದು, ಅಂದಿನ ಪಾತ್ರೆಗಳನ್ನು ತಾವೇ ತೊಳೆದಿಟ್ಟರೆ, ಆ ರಾತ್ರಿಯ ಲೆಕ್ಕಕ್ಕೆ ಅರ್ಧ ಗಂಟೆ ಜಮೆಯಾಗುತ್ತದೆ.